ಎಣ್ಣೆಯೂ ಗೋಧಿಯೂ ಒಟ್ಟಿಗೆ ಬಿದ್ದ ವರ್ಷಗಳು

ಸ್ಟಿಲ್‌ವಾಟರ್, ಒಕ್ಲಹೋಮ

ತೀರ್ಥರೂಪು ಅಪ್ಪನವರಿಗೆ ನಮಸ್ಕಾರಗಳು.

ನೆಲದಡಿ ಅಷ್ಟು ಕಚ್ಚಾ ಎಣ್ಣೆ ಇದ್ದ ಈ ಒಕ್ಲಹೋಮ ಸೀಮೆಯ ರೈತರು 1930ರ ದಶಕದಲ್ಲಿ ಗಂಟುಮೂಟೆ ಕಟ್ಟಿಕೊಂಡು ಕ್ಯಾಲಿಫೋರ್ನಿಯಾಕ್ಕೆ ಹೋದದ್ದು ಯಾಕೆ ಅಂತ ಕೇಳಿದ್ದಿರಿ. ಬರ ಬಂತು, ಧೂಳೆದ್ದಿತು ಅಂತ ಎಲ್ಲರೂ ಹೇಳುತ್ತಾರೆ. ಆದರೆ ಮೊದಲು ಕೆಟ್ಟದ್ದು ಬೆಲೆ. 1919ರಲ್ಲಿ ಬುಶೆಲ್ ಗೋಧಿಗೆ, ಅಂದರೆ ಸುಮಾರು 27 ಕಿಲೋಗೆ, 2 ಡಾಲರ್ ದಾಟಿತ್ತು. ಆ ಬೆಲೆ ನಂಬಿ ಸಾಲ ಮಾಡಿ ಟ್ರ್ಯಾಕ್ಟರ್ ತಂದರು. 1931ರಲ್ಲಿ ಬೆಳೆ ಭರ್ತಿ ಬಂತು, ಬೆಲೆ 25 ಸೆಂಟಿನ ಆಸುಪಾಸಿಗೆ ಇಳಿಯಿತು. ಕಂತು ಮಾತ್ರ ಇಳಿಯಲಿಲ್ಲ. ಹಾಗಾಗಿ ಇನ್ನಷ್ಟು ಹುಲ್ಲುಗಾವಲು ಉತ್ತರು.

ಎಣ್ಣೆಯ ಕಥೆಯೂ ಅದೇ. ಎಣ್ಣೆ ಯಾರ ಬಾವಿಯಿಂದ ಮೇಲೆ ಬಂತೋ ಅವರದ್ದು ಅನ್ನುವುದು ಇಲ್ಲಿನ ಕಾನೂನು. ನಮ್ಮಲ್ಲಿ ಪಕ್ಕದ ಹೊಲದವನು ಬೋರ್ ಹಾಕಿಸಿದರೆ ನಾವೂ ಹಾಕಿಸುವ ಹಾಗೆ, ಇಲ್ಲೂ ಪೈಪೋಟಿಗೆ ಬಿದ್ದು ಕೊರೆದರು. ಅವಸರಕ್ಕೆ ತೆತ್ತ ಬೆಲೆಗೆ ಒಂದೇ ಉದಾಹರಣೆ ಸಾಕು. ಒಕ್ಲಹೋಮ ಸಿಟಿಯ ಮೇರಿ ಸುಡಿಕ್ ಬಾವಿ 1930ರ ಮಾರ್ಚ್ 26ರಂದು 6,471 ಅಡಿ ಆಳದಲ್ಲಿ ಸಿಡಿಯಿತು. ಕೊರೆಯುವಾಗ ತೂತಿನ ತುಂಬ ದಪ್ಪ ಕೆಸರು ನಿಲ್ಲಿಸಿರುತ್ತಾರೆ. ಅದರ ಭಾರವೇ ಕೆಳಗಿನ ಗ್ಯಾಸನ್ನು ತಡೆಯುವುದು. ಪೈಪು ಮೇಲೆತ್ತಿದಷ್ಟೂ ಕೆಸರಿನ ಮಟ್ಟ ಕುಸಿಯುತ್ತದೆ, ಆಗಾಗ್ಗೆ ತುಂಬುತ್ತಲೇ ಇರಬೇಕು. ಅಂದು ತುಂಬಲಿಲ್ಲ. ಪೈಪುಗಳು ಆಕಾಶಕ್ಕೆ ಹಾರಿದವು, 11 ದಿನ ಬಾವಿ ಹತೋಟಿಗೆ ಬರಲಿಲ್ಲ.

ಅದೇ ವರ್ಷ ಅಕ್ಟೋಬರಿನಲ್ಲಿ ಪೂರ್ವ ಟೆಕ್ಸಾಸ್‌ನ ಭಾರೀ ನಿಕ್ಷೇಪ ಸಿಕ್ಕಿತು. 1931ರ ಬೇಸಿಗೆಗೆ ಒಂದು ಪೀಪಾಯಿ, ಅಂದರೆ 159 ಲೀಟರ್, ಕೆಲವೆಡೆ 10 ಸೆಂಟಿಗೆ ಬಿತ್ತು. ಆಗಸ್ಟ್ 4ರಂದು ಒಕ್ಲಹೋಮದ ಗವರ್ನರ್ ವಿಲಿಯಂ ಮರ್ರಿ ಬಾವಿಗಳ ಸುತ್ತ ಸೈನಿಕರನ್ನು ನಿಲ್ಲಿಸಿ, ಪೀಪಾಯಿಗೆ ಒಂದು ಡಾಲರ್ ಬೆಲೆ ಬರುವವರೆಗೆ ಎಣ್ಣೆ ತೆಗೆಯಬೇಡಿ ಎಂದರು. ಅದೇ ತಿಂಗಳು ಟೆಕ್ಸಾಸಿನಲ್ಲೂ ಸೈನಿಕರು ಬಂದರು. ಬಾವಿಗೆ ಬೀಗ ಹಾಕಬಹುದಿತ್ತು. ಗೋಧಿ ಹೊಲಗಳಿಗೆ ಹಾಗೆ ಕಾವಲು ನಿಲ್ಲಿಸಲು ಯಾರಿಂದ ಸಾಧ್ಯ?

ನನಗೆ ತೀರಾ ಸಂಕಟ ತರುವುದು ಪಾಲಿಗೆ ಮಾಡುತ್ತಿದ್ದವರ ಗತಿ. ಎಣ್ಣೆ ಸಿಕ್ಕರೆ ಭೂಮಾಲೀಕನಿಗೆ ವಾಡಿಕೆಯಂತೆ ಎಂಟರಲ್ಲೊಂದು ಪಾಲು. ಉಳುವವನಿಗೆ ಏನೂ ಇಲ್ಲ. 1933ರಲ್ಲಿ ಬೆಲೆ ಎತ್ತಲು ಸರ್ಕಾರ ನಿಂತ ಹತ್ತಿಯನ್ನೇ ಉತ್ತು ಹಾಕಿಸಿ ಪರಿಹಾರ ಕೊಟ್ಟಿತು. ಹಣದ ಬಹುಪಾಲು ಮಾಲೀಕರ ಕೈ ಸೇರಿತು. ಬಿತ್ತನೆ ಕಡಿಮೆಯಾದ ಮೇಲೆ ಪಾಲಿನವರು ಬೇಡವಾದರು, ಅವರ ಜಾಗಕ್ಕೆ ಟ್ರ್ಯಾಕ್ಟರ್ ಬಂತು. ಕ್ಯಾಲಿಫೋರ್ನಿಯಾಕ್ಕೆ ಹೋದವರಲ್ಲಿ ಹೆಚ್ಚಿನವರು ಧೂಳು ಹೊಡೆದ ಪಶ್ಚಿಮದ ತುದಿಯವರಲ್ಲ, ಈ ಹತ್ತಿ ಸೀಮೆಯ ಕಡೆಯವರು. 1930ರಿಂದ 1940ರೊಳಗೆ ರಾಜ್ಯದ ಜನಸಂಖ್ಯೆ ಸುಮಾರು 60 ಸಾವಿರ ಇಳಿಯಿತು.

ಪಶ್ಚಿಮದಲ್ಲಿ ಮಣ್ಣು ಹಾರಿದ್ದಕ್ಕೆ ಬರದ ಜೊತೆ ಉಳುಮೆಯೂ ಕಾರಣ. ಸಾಲಾಗಿ ತಟ್ಟೆ ಜೋಡಿಸಿದ ನೇಗಿಲು ಬೇಗ ಉಳುತ್ತದೆ, ಆದರೆ ಮತ್ತೆ ಮತ್ತೆ ಹೊಡೆದರೆ ಹೆಂಟೆ ಒಡೆದು ಹಿಟ್ಟಾಗುತ್ತದೆ, ಕೂಳೆಯೂ ಮುಚ್ಚಿಹೋಗುತ್ತದೆ. 1935ರ ಏಪ್ರಿಲ್ 14ರ ಕರಿ ಧೂಳಿನ ಬಿರುಗಾಳಿಯ ನಂತರ, 27ರಂದೇ ಮಣ್ಣು ಸಂರಕ್ಷಣಾ ಕಾಯ್ದೆ ಬಂತು. ಎರಡೂ ಬದಿಗೆ ಮಣ್ಣು ಎಸೆಯುವ ನೇಗಿಲಿನಿಂದ ಗಾಳಿಗೆ ಅಡ್ಡವಾಗಿ ಆಳದ ಬೋದು ಎತ್ತಿಸಿದರು. ಅಡಿಯ ಹೆಂಟೆ ಮೇಲೆ ಬಂದರೆ ಮಾತ್ರ ಬೋದು ನಿಲ್ಲುತ್ತದೆ. ಮರಳು ನೆಲದಲ್ಲಿ ಒಂದೆರಡು ಗಾಳಿಗೆ ಸಾಲು ತುಂಬಿಬಿಡುತ್ತದೆ. ಇಳಿಜಾರಿನಲ್ಲಿ ಸಮಪಾತಳಿಗೆ ಒಡ್ಡು ಹಾಕಿದರು. ನಮ್ಮ ವಿಜಯಪುರ, ರಾಯಚೂರು, ಹಗರಿಯ ಒಣಬೇಸಾಯ ಸಂಶೋಧನಾ ಕೇಂದ್ರಗಳು ಶುರುವಾದದ್ದೂ 1930ರ ದಶಕದಲ್ಲೇ.

ಮೇಲಿನ ಹೊಲದ ಒಡ್ಡು ಹಿಂಗಾರಿಗೆ ಮೊದಲೇ ಸರಿಮಾಡಿಸಿ. ಅಮ್ಮನಿಗೆ ನಮಸ್ಕಾರ ಹೇಳಿ.

ನಿಮ್ಮ ಮಗ