ನಿಂತುಹೋದ ತಿಂಗಳುಗಳು ಮತ್ತೆ ಸಿಗುವುದಿಲ್ಲ: ಹವಾಮಾನ ನೀತಿ ಸಂಶೋಧನಾ ಕೇಂದ್ರದಿಂದ ದೇಣಿಗೆ ಮನವಿ

ಆತ್ಮೀಯರೇ,

ಹವಾಯಿಯ ಮೌನಾ ಲೋವಾ ಬೆಟ್ಟದ ಮೇಲೆ 1958ರಿಂದ ಗಾಳಿಯಲ್ಲಿರುವ ಇಂಗಾಲದ ಡೈಆಕ್ಸೈಡ್ ಅಳೆಯುತ್ತಾ ಬಂದಿದ್ದಾರೆ. ಚಾರ್ಲ್ಸ್ ಕೀಲಿಂಗ್ ಎಂಬ ವಿಜ್ಞಾನಿ ಶುರು ಮಾಡಿದ ಕೆಲಸ ಅದು. ಆಗ ಗಾಳಿಯ ಹತ್ತು ಲಕ್ಷ ಭಾಗಕ್ಕೆ ಸುಮಾರು 315 ಇದ್ದದ್ದು ಈಗ 420 ದಾಟಿದೆ. ಆ ಅಳತೆಗಳ ನಕ್ಷೆಯಲ್ಲಿ ಏಳುತ್ತಾ ಬೀಳುತ್ತಾ ಮೇಲೆ ಹತ್ತುವ ಗೆರೆಯನ್ನು ನೀವೂ ಎಲ್ಲೋ ನೋಡಿರುತ್ತೀರಿ. ಮುಂದಿನ ಸಲ ಕಂಡಾಗ 1964ರ ಮೊದಲ ಭಾಗವನ್ನು ಹತ್ತಿರದಿಂದ ನೋಡಿ. ಕೆಲವು ತಿಂಗಳು ಲೆಕ್ಕವೇ ಇಲ್ಲ. ಕಾರಣ ಬಜೆಟ್ ಕಡಿತ.

2022ರ ನವೆಂಬರಿನಲ್ಲಿ ಅದೇ ಬೆಟ್ಟ ಬೆಂಕಿ ಉಗುಳಿತು. ಲಾವಾ ಹರಿದು ರಸ್ತೆ, ಕರೆಂಟು ಎರಡೂ ಹೋದವು. ಆದರೂ ಕೆಲವೇ ದಿನಗಳಲ್ಲಿ ಪಕ್ಕದ ಮೌನಾ ಕೀ ಬೆಟ್ಟದಿಂದ ಅಳತೆ ಮತ್ತೆ ಶುರುವಾಯಿತು. ಲಾವಾ ತಡೆದದ್ದು ದಿನಗಳ ಮಟ್ಟಿಗೆ, ದುಡ್ಡಿಲ್ಲದೆ ನಿಂತದ್ದು ತಿಂಗಳುಗಟ್ಟಲೆ. ನಮ್ಮ ಕೇಂದ್ರದಲ್ಲಿ ಈ ಕಥೆ ಆಗಾಗ ಬರುತ್ತದೆ. ಸುಮ್ನೆ ಅಲ್ಲ, ನಮಗೂ ಹೀಗೆ ಆಗಿದೆ.

ನಮ್ಮದು ವಿಶ್ವವಿದ್ಯಾಲಯದ ಒಂದು ಸಣ್ಣ ಕೇಂದ್ರ. ಹವಾಮಾನದ ಬಗ್ಗೆ ಸರ್ಕಾರಗಳು ಏನು ಹೇಳುತ್ತವೆ, ಏನು ಬರೆಯುತ್ತವೆ, ಬರೆದದ್ದನ್ನು ಮಾಡುತ್ತವಾ ಎಂದು ನೋಡುವುದು ಕೆಲಸ. ಇದರಲ್ಲಿ ದೊಡ್ಡ ಪಾಲು ಓದುವುದು ಮತ್ತು ಕೂಡಿಡುವುದು. ಒಂದು ದೇಶ ಹೊಸ ನೀತಿಯ ಕರಡನ್ನು ಸಾರ್ವಜನಿಕರ ಅಭಿಪ್ರಾಯಕ್ಕೆ ಇಡುತ್ತದೆ ಅಂದುಕೊಳ್ಳಿ. ಆ ಕರಡನ್ನು ಅವತ್ತೇ ಇಳಿಸಿಕೊಂಡು, ದಿನಾಂಕ ಹಾಕಿ, ನಮ್ಮ ಸಂಗ್ರಹಕ್ಕೆ ಸೇರಿಸುತ್ತೇವೆ. ಯಾಕೆಂದರೆ ಅಂತಿಮ ನೀತಿ ಬಂದ ಮೇಲೆ ಎಷ್ಟೋ ಕಡೆ ಕರಡು ಕಣ್ಮರೆಯಾಗುತ್ತದೆ. ಯಾವ ಸಾಲು ಬಿಟ್ಟುಹೋಯಿತು, ಯಾವ ಅಂಕಿ ಸಣ್ಣದಾಯಿತು ಎಂದು ತಿಳಿಯಲು ಎರಡನ್ನೂ ಪಕ್ಕಪಕ್ಕ ಇಡಲೇಬೇಕು.

ಹಿಂದೊಮ್ಮೆ ನಮ್ಮ ಯೋಜನೆಯೊಂದರ ಅನುದಾನ ಮುಗಿಯಿತು. ಮುಂದಿನದು ಬರುತ್ತದೆ ಎಂದಿದ್ದರು, ಬರಲಿಲ್ಲ. ಸಂಗ್ರಹ ನೋಡಿಕೊಳ್ಳುತ್ತಿದ್ದ ಹುಡುಗಿ ಬೇರೆ ಕೆಲಸ ಹುಡುಕಿಕೊಂಡಳು. ಅವಳನ್ನು ತಪ್ಪು ಎನ್ನಲು ಆಗುತ್ತದಾ? ನಾಲ್ಕು ತಿಂಗಳಾದ ಮೇಲೆ ಬೇರೊಬ್ಬರನ್ನು ಕೂರಿಸಿದೆವು. ಅಷ್ಟರಲ್ಲಿ ಹಲವು ಕರಡುಗಳ ಕೊಂಡಿ ಸತ್ತುಹೋಗಿತ್ತು. ಸಂಬಂಧಪಟ್ಟವರಿಗೆ ಪತ್ರ ಬರೆದೆವು, ಒಂದೆರಡು ಸಿಕ್ಕವು. ಉಳಿದ ಜಾಗದಲ್ಲಿ ನಮ್ಮ ಪಟ್ಟಿಯಲ್ಲಿ ಇವತ್ತಿಗೂ ಒಂದು ಅಡ್ಡಗೆರೆ ಇದೆ.

ಈಗ ಕಳೆದ ಕೆಲವು ತಿಂಗಳ ಕೆಲಸದ ಬಗ್ಗೆ ಸ್ವಲ್ಪ.

2015ರ ಪ್ಯಾರಿಸ್ ಹವಾಮಾನ ಒಪ್ಪಂದದ ಪ್ರಕಾರ ಅದಕ್ಕೆ ಸೇರಿದ ಪ್ರತಿ ದೇಶವೂ ಐದು ವರ್ಷಕ್ಕೊಮ್ಮೆ ತನ್ನ ಹವಾಮಾನ ಗುರಿಯನ್ನು ಬರೆದು ಕೊಡಬೇಕು. ಇದನ್ನು ಎನ್‌ಡಿಸಿ, ಅಂದರೆ ದೇಶ ತಾನೇ ನಿರ್ಧರಿಸಿದ ಕೊಡುಗೆ ಅಂತಾರೆ. 2035ಕ್ಕೆ ಸಂಬಂಧಿಸಿದ ಗುರಿಗಳಿಗೆ 2025ರ ಫೆಬ್ರವರಿ ಗಡುವು ಇತ್ತು. ಬಹುಪಾಲು ದೇಶಗಳು ಗಡುವು ಮೀರಿದವು. ಆಮೇಲೆ ನವೆಂಬರಿನಲ್ಲಿ ಬ್ರೆಜಿಲ್‌ನ ಬೆಲೆಮ್‌ನಲ್ಲಿ ನಡೆದ ಹವಾಮಾನ ಸಮ್ಮೇಳನ ಹತ್ತಿರ ಬಂದಂತೆ ಒಂದರ ಹಿಂದೆ ಒಂದು ಬಂದವು. ನಮ್ಮ ವಿದ್ಯಾರ್ಥಿಗಳು ಇವನ್ನು ಇಬ್ಬಿಬ್ಬರಾಗಿ ಓದುತ್ತಾರೆ. ಇಬ್ಬರೂ ಬೇರೆ ಬೇರೆ ಓದಿ, ಬೇರೆ ಬೇರೆ ಟಿಪ್ಪಣಿ ಮಾಡಿ, ಕೊನೆಗೆ ಹೋಲಿಸಿ ನೋಡಬೇಕು. ಮೊದಲು ಶೇಕಡಾವಾರು ಅಂಕಿ ನೋಡುವುದು ಎಲ್ಲರ ಅಭ್ಯಾಸ. ಅದನ್ನು ಕೊನೆಗೆ ನೋಡಿ ಎಂದು ನಾವು ಹೇಳಿಕೊಡುತ್ತೇವೆ. ಯಾವ ವರ್ಷಕ್ಕೆ ಹೋಲಿಸಿ ಕಡಿಮೆ ಮಾಡುತ್ತಾರೆ? ಒಟ್ಟು ಹೊಗೆಯನ್ನು ಇಳಿಸುತ್ತಾರಾ, ಇಲ್ಲ ಆರ್ಥಿಕತೆಯ ಪ್ರತಿ ಘಟಕಕ್ಕೆ ಬರುವ ಹೊಗೆಯನ್ನು ಮಾತ್ರವಾ? ಎರಡನೆಯದಾದರೆ ಆರ್ಥಿಕತೆ ಜೋರಾಗಿ ಬೆಳೆದಾಗ ಗುರಿ ಮುಟ್ಟಿಯೂ ಒಟ್ಟು ಹೊಗೆ ಜಾಸ್ತಿ ಆಗಬಹುದು. ಹೊರಗಿನಿಂದ ಹಣ ಬಂದರೆ ಮಾತ್ರ ಎಂಬ ಷರತ್ತು ಎಲ್ಲಿ ಅಡಗಿದೆ? ಇಷ್ಟಾದ ಮೇಲೆ ಆ ಶೇಕಡಾವಾರಿಗೆ ಅರ್ಥ ಬರುತ್ತದೆ.

ನನಗೆ ಈ ವರ್ಷ ಎಲ್ಲಕ್ಕಿಂತ ಇಷ್ಟವಾದ ಕೆಲಸ ಕನ್ನಡ ಪದಪಟ್ಟಿ. ಪತ್ರಕರ್ತರು, ಶಿಕ್ಷಕರು ಕೇಳುತ್ತಲೇ ಇದ್ದರು. ಸುಲಭ ಇರಬಹುದು ಅಂದುಕೊಂಡೆವು. ಬಿಟ್ಟ ಹೊಗೆಯಷ್ಟನ್ನೇ ಹೀರಿಸಿ ಲೆಕ್ಕ ಸೊನ್ನೆಗೆ ತರುವ ‘ನೆಟ್ ಜೀರೋ’ಗೆ ‘ನಿವ್ವಳ ಶೂನ್ಯ’ ಆರಾಮಾಗಿ ಕೂತಿತು, ನಿವ್ವಳ ಲಾಭ ಗೊತ್ತಿರುವವರಿಗೆ ಬಿಡಿಸಿ ಹೇಳಬೇಕಿಲ್ಲ. ಹವಾಮಾನ ಬದಲಾವಣೆ ತರುವ ಹಾನಿಗೆ ಬಳಸುವ ‘ಲಾಸ್ ಅಂಡ್ ಡ್ಯಾಮೇಜ್’ ಬಂದಾಗ ತೊಡಕು. ಎರಡಕ್ಕೂ ನಮ್ಮ ಬಾಯಲ್ಲಿ ‘ನಷ್ಟ’ವೇ ಬರುತ್ತದೆ. ಮುಳುಗಿಹೋದ ನೆಲ ತಿರುಗಿ ಬರುವುದಿಲ್ಲ, ಮುರಿದ ಸೇತುವೆಯನ್ನು ಮತ್ತೆ ಕಟ್ಟಬಹುದು. ಎರಡೂ ಒಂದೇ ಅಲ್ಲವಲ್ಲ.

ಜಾಸ್ತಿ ಹೊತ್ತು ತಿಂದದ್ದು ‘ಶಲ್’ ಮತ್ತು ‘ಶುಡ್’. 2015ರ ಡಿಸೆಂಬರ್ 12ರಂದು ಪ್ಯಾರಿಸ್ಸಿನಲ್ಲಿ ಎಲ್ಲ ಮುಗಿಯಿತು ಎನ್ನುವ ಹೊತ್ತಿಗೆ, ನಾಲ್ಕನೇ ವಿಧಿಯ ಅಂತಿಮ ಕರಡಿನಲ್ಲಿ ಶ್ರೀಮಂತ ದೇಶಗಳ ಹೊಣೆಯ ಮುಂದೆ ‘ಶಲ್’ ಎಂದು ಬಂದುಬಿಟ್ಟಿತ್ತು. ಇದು ‘ಶುಡ್’ ಆಗಬೇಕು ಎಂದು ಅಮೆರಿಕ ಪಟ್ಟು ಹಿಡಿಯಿತು. ‘ಶಲ್’ ಎಂದರೆ ಕಾನೂನಿನ ಕಟ್ಟು, ಅದಕ್ಕೆ ಅವರ ಸೆನೆಟ್ಟಿನ ಒಪ್ಪಿಗೆ ಬೇಕಾಗುವ ಭಯ. ಸಭೆ ತಡವಾಯಿತು. ಕೊನೆಗೆ ಸಣ್ಣಪುಟ್ಟ ಅಚ್ಚಿನ ತಪ್ಪುಗಳ ಜೊತೆ ಇದನ್ನೂ ಓದಿ ತಿದ್ದಿಬಿಟ್ಟರು. ಈಗ ಇದನ್ನು ಕನ್ನಡಕ್ಕೆ ತನ್ನಿ ನೋಡೋಣ. ಎರಡಕ್ಕೂ ‘ಮಾಡಬೇಕು’ ಎಂದು ಬರೆದರೆ ಅಷ್ಟೊಂದು ಜಗಳ ನಡೆದದ್ದೇ ಸುಳ್ಳಾಗುತ್ತದೆ. ನಮ್ಮ ಕಾನೂನು ಬರಹದಲ್ಲಿ ‘ಮಾಡತಕ್ಕದ್ದು’ ಇದೆ, ‘ಶಲ್’ಗೆ ಅದು ಸರಿ. ಆದರೆ ಆಡುಮಾತಿನಲ್ಲಿ ‘ಮಾಡಬೇಕು’ ಕೂಡ ಗಟ್ಟಿ ಮಾತೇ ಅಲ್ವಾ? ಹಾಗಾದರೆ ‘ಶುಡ್’ಗೆ ಏನು? ‘ಮಾಡುವುದು ಯುಕ್ತ’ ಎಂದರು ಒಬ್ಬರು, ತೀರಾ ಸಡಿಲವಾಯಿತು ಎಂದರು ಇನ್ನೊಬ್ಬರು. ಅರ್ಧ ಗಂಟೆಗೆಂದು ಕರೆದ ಸಭೆ ಊಟದ ಹೊತ್ತು ದಾಟಿತು. ಕಡೆಗೆ ‘ತಕ್ಕದ್ದು’ ಮತ್ತು ‘ಬೇಕು’ ಎಂದು ಗೆರೆ ಎಳೆದು, ಕೆಳಗೆ ಈ ಕಥೆಯನ್ನೇ ಟಿಪ್ಪಣಿಯಾಗಿ ಹಾಕಿದ್ದೇವೆ. ನನಗಂತೂ ಇನ್ನೂ ಪೂರ್ತಿ ಒಪ್ಪಿಗೆ ಇಲ್ಲ.

ಇನ್ನೊಂದು, ಅಂತಾರಾಷ್ಟ್ರೀಯ ನ್ಯಾಯಾಲಯದ ಅಭಿಪ್ರಾಯದ ಓದು. 2025ರ ಜುಲೈ 23ರಂದು ಹೇಗ್‌ನಲ್ಲಿ ನ್ಯಾಯಾಲಯ ಒಮ್ಮತದಿಂದ ಹೇಳಿತು: ಹವಾಮಾನವನ್ನು ಕಾಪಾಡುವುದು ದೇಶಗಳ ಕಾನೂನುಬದ್ಧ ಹೊಣೆ. ಇದು ಸಲಹೆ ಮಾತ್ರ, ತೀರ್ಪಿನ ಹಾಗೆ ಕಟ್ಟುಪಾಡಿಲ್ಲ. ಆದರೂ ಮುಂದಿನ ಮೊಕದ್ದಮೆಗಳಲ್ಲಿ ವಕೀಲರು ಇದನ್ನು ಹಿಡಿದುಕೊಂಡು ಬರುತ್ತಾರೆ. ಇದರ ಬೇರು ಎಲ್ಲಿದೆ ಗೊತ್ತಾ? 2019ರಲ್ಲಿ ಸೌತ್ ಪೆಸಿಫಿಕ್ ವಿಶ್ವವಿದ್ಯಾಲಯದ 27 ಕಾನೂನು ವಿದ್ಯಾರ್ಥಿಗಳು ಶುರು ಮಾಡಿದ ಅಭಿಯಾನದಲ್ಲಿ. ವನುವಾಟು ಎಂಬ ಪುಟ್ಟ ದ್ವೀಪದೇಶ ಅದನ್ನು ಎತ್ತಿಕೊಂಡಿತು. 2023ರ ಮಾರ್ಚಿನಲ್ಲಿ ವಿಶ್ವಸಂಸ್ಥೆಯ ಮಹಾಸಭೆ ಪ್ರಶ್ನೆಯನ್ನು ನ್ಯಾಯಾಲಯಕ್ಕೆ ಕಳಿಸಿತು. ನಮ್ಮ ವಾರದ ಓದಿಗೆ ಮೊದಲ ದಿನ ಕುರ್ಚಿ ಸಾಲಲಿಲ್ಲ. ನಾಲ್ಕನೇ ವಾರ ಅರ್ಧ ಖಾಲಿ, ಅದೂ ನಿಜ. ಉಳಿದವರು ಪೂರ್ತಿ ಓದಿ ಮುಗಿಸಿದರು.

ಅಣಕು ಸಮ್ಮೇಳನವೂ ನಡೆಯಿತು. ವಿಷಯ 2024ರಲ್ಲಿ ಅಜರ್‌ಬೈಜಾನ್‌ನ ಬಾಕುವಿನಲ್ಲಿ ನಡೆದ ಹವಾಮಾನ ಸಮ್ಮೇಳನದ ನಿರ್ಣಯ: ಬಡ ಮತ್ತು ಬೆಳೆಯುತ್ತಿರುವ ದೇಶಗಳಿಗೆ 2035ರ ಹೊತ್ತಿಗೆ ವರ್ಷಕ್ಕೆ 300 ಶತಕೋಟಿ ಡಾಲರ್. ಸಾಲ ಕೊಟ್ಟರೆ ಅದನ್ನೂ ನೆರವು ಎಂದು ಲೆಕ್ಕ ಹಾಕಬಹುದಾ ಎಂಬಲ್ಲಿ ವಿದ್ಯಾರ್ಥಿಗಳು ಸಿಕ್ಕಿಬಿದ್ದರು. ದ್ವೀಪದೇಶದ ಪಾತ್ರ ಮಾಡಿದವನಿಗೆ ನಿಜಕ್ಕೂ ಸಿಟ್ಟು ಬಂತು. ಹೊತ್ತು ಮೀರಿದರೂ ಒಪ್ಪಂದ ಆಗಲಿಲ್ಲ. ಉಪನ್ಯಾಸ, ಪತ್ರಕರ್ತರ ಕಾರ್ಯಾಗಾರ, ಕಾರ್ಬನ್ ಮಾರುಕಟ್ಟೆಯ (ಹೊಗೆ ಬಿಡುವ ಹಕ್ಕನ್ನು ಕೊಂಡು ಮಾರುವ ವ್ಯವಸ್ಥೆ) ಕಿರುಪಾಠ ಎಂದಿನಂತೆ ನಡೆದವು.

ಈಗ ದುಡ್ಡಿನ ಮಾತು. ಯೋಜನೆಗೆ ಅನುದಾನ ಕೊಡುವವರು ಸಿಗುತ್ತಾರೆ. ಅವರಿಗೆ ಎರಡು ವರ್ಷದಲ್ಲಿ ವರದಿ ಬೇಕು, ಮುಖಪುಟ ಬೇಕು. ತಪ್ಪೇನಿಲ್ಲ. ಆದರೆ ಪ್ರತಿ ದಿನ ಬಂದು ಕರಡು ಇಳಿಸಿಕೊಂಡು ದಿನಾಂಕ ಹಾಕುವವರ ಸಂಬಳ ಯಾವ ಯೋಜನೆಯ ಕಾಲಂನಲ್ಲೂ ಕೂರುವುದಿಲ್ಲ. ಅದಕ್ಕೇ ನಾವು ಒಂದು ಮೂಲನಿಧಿ ಕಟ್ಟುತ್ತಿದ್ದೇವೆ. ಅಸಲನ್ನು ಮುಟ್ಟುವುದಿಲ್ಲ, ಅದರಿಂದ ಬರುವ ಬಡ್ಡಿಯಲ್ಲಿ ಇಬ್ಬರು ಸಂಗ್ರಹ ಸಹಾಯಕರ ಸಂಬಳ, ಸರ್ವರ್, ಬೇರೆ ಜಾಗದಲ್ಲಿ ಇನ್ನೊಂದು ಪ್ರತಿ, ಓದುವ ವಿದ್ಯಾರ್ಥಿಗಳ ಗೌರವಧನ ನಡೆಯಬೇಕು. ಮೂಲನಿಧಿ ತುಂಬುವವರೆಗೆ ಇದೇ ಖರ್ಚಿಗೆ ‘ಸಂಗ್ರಹ’ ಎಂಬ ಬೇರೆ ಖಾತೆ ಇದೆ. ಕಟ್ಟಡಕ್ಕೆ ಈ ಹಣ ಹೋಗುವುದಿಲ್ಲ. ವಿಮಾನ ಹತ್ತಿ ಹವಾಮಾನ ಸಮ್ಮೇಳನಕ್ಕೆ ಹೋಗುವುದಕ್ಕೂ ಇಲ್ಲ, ಅದನ್ನು ಕೇಳುವ ಮುಖವೂ ನಮಗಿಲ್ಲ.

ನಿಮ್ಮ ದೇಣಿಗೆಯಿಂದ ಇಷ್ಟು ಟನ್ ಹೊಗೆ ಕಡಿಮೆಯಾಯಿತು ಎಂಬ ಪ್ರಮಾಣಪತ್ರ ನಾವು ಕೊಡಲಾರೆವು. ಕೊಡುವುದು ಓದಿದ, ಹೋಲಿಸಿದ, ಯಾರು ಬೇಕಾದರೂ ಉಚಿತವಾಗಿ ನೋಡಬಹುದಾದ ದಾಖಲೆ. ಯಾವ ದಾನಿಗೂ ವರದಿಯನ್ನು ಮೊದಲೇ ತೋರಿಸುವುದಿಲ್ಲ, ತಿದ್ದಲು ಬಿಡುವುದಿಲ್ಲ. ಈ ಮಾತಿಗೆ ಒಂದು ದೊಡ್ಡ ಮೊತ್ತ ಕೈಬಿಟ್ಟುಹೋಯಿತು. ಬೇಜಾರಾಯಿತು, ಸುಳ್ಳು ಹೇಳುವುದಿಲ್ಲ.

ಒಮ್ಮೆಗೆ ದೊಡ್ಡದು ಕೊಡುವುದಕ್ಕಿಂತ ತಿಂಗಳು ತಿಂಗಳು ಸಣ್ಣದು ಕೊಟ್ಟರೆ ನಮಗೆ ಹೆಚ್ಚು ಅನುಕೂಲ. ಮುಂದಿನ ವರ್ಷ ಆ ಕುರ್ಚಿಯಲ್ಲಿ ಯಾರಾದರೂ ಕೂತಿರುತ್ತಾರೆ ಎಂದು ಧೈರ್ಯವಾಗಿ ಹೇಳಬಹುದು. ಹಣ ಕೊಡಲು ಆಗದವರು ಹಳೆಯ ನೀತಿ ಕರಡು, ಸರ್ಕಾರಿ ವರದಿ ಮನೆಯಲ್ಲಿದ್ದರೆ ಕಳಿಸಿ. ನಮ್ಮ ಅಡ್ಡಗೆರೆಗಳಲ್ಲಿ ಒಂದು ಅಳಿಸಿದರೂ ಸಂತೋಷ. ಪದಪಟ್ಟಿಗೆ ಸಮಯ ಕೊಡುವವರಿದ್ದರೆ ಬನ್ನಿ, ಜಗಳಕ್ಕೆ ತಯಾರಾಗಿ ಬನ್ನಿ.

ದೇಣಿಗೆಯನ್ನು ವಿಶ್ವವಿದ್ಯಾಲಯದ ಹಣಕಾಸು ವಿಭಾಗದ ಮೂಲಕ ಮಾತ್ರ ಕೊಡಿ, ಯಾರ ವೈಯಕ್ತಿಕ ಖಾತೆಗೂ ಬೇಡ. ರಸೀದಿ ಕೇಳಿ ಪಡೆಯಿರಿ. ವರ್ಷದ ಲೆಕ್ಕಪತ್ರ ಕೇಂದ್ರದ ಓದುಕೋಣೆಯಲ್ಲಿ ಇರುತ್ತದೆ, ದಾನಿ ಅಲ್ಲದವರೂ ನೋಡಬಹುದು. ಹಣ ಕಳಿಸುವಾಗ ‘ಮೂಲನಿಧಿ’ ಅಥವಾ ‘ಸಂಗ್ರಹ’ ಎಂದು ಬರೆಯಿರಿ. ಏನೂ ಬರೆಯದಿದ್ದರೆ ಸಂಗ್ರಹಕ್ಕೆ ಹಾಕಿಕೊಳ್ಳುತ್ತೇವೆ.

ಇಂತಿ,
ಕೇಂದ್ರದ ಸಿಬ್ಬಂದಿ ಮತ್ತು ವಿದ್ಯಾರ್ಥಿಗಳ ಪರವಾಗಿ