ಮೂರು ವರ್ಷಗಳ ಲೆಕ್ಕ: ಗೆಳೆಯನಿಗೊಂದು ಪತ್ರ

ಪ್ರಿಯ ಗೆಳೆಯ,

'ಸೈಲೆಂಟ್ ಹಿಲ್ 2' ಎಂಬ ಭಯಾನಕ ವಿಡಿಯೋ ಆಟ ಆಡಿ ಮುಗಿಸಿದ ರಾತ್ರಿಯೇ ನೀನು ಬರೆದದ್ದನ್ನು ಓದಿದೆ. ತೀರಿಕೊಂಡ ಹೆಂಡತಿ ಮೇರಿಯನ್ನು ಹುಡುಕುತ್ತ ಸೈಲೆಂಟ್ ಹಿಲ್ ಎಂಬ ಊರಿಗೆ ಬರುವ ಅದರ ನಾಯಕ ಜೇಮ್ಸ್ ಸಂಡರ್‌ಲ್ಯಾಂಡ್ ಮೊದಲಿನಿಂದಲೂ ನಮಗೆ ಸುಳ್ಳು ಹೇಳುತ್ತ ಬಂದ, ಹೆಂಡತಿಯನ್ನು ಕೊಂದವನಿಗಾಗಿ ಇಷ್ಟು ಹೊತ್ತು ಮರುಗಿದ್ದಕ್ಕೆ ನಿನಗೆ ಸಿಟ್ಟು ಬಂದಿದೆ ಎಂದಿದ್ದೀಯ. ಸಿಟ್ಟು ಸಹಜ. ಆದರೆ ಅವನು ಸುಳ್ಳು ಹೇಳಿದ ಎಂಬ ಮಾತನ್ನು ಮಾತ್ರ ನಾನು ಒಪ್ಪಲಾರೆ.

2001ರಲ್ಲಿ ಜಪಾನಿನ ಕೊನಾಮಿ ಕಂಪನಿಯ ಟೀಮ್ ಸೈಲೆಂಟ್ ತಂಡ ಪ್ಲೇಸ್ಟೇಷನ್ 2ಕ್ಕಾಗಿ ಮೂಲ ಆಟವನ್ನು ಹೊರತಂದಾಗಿನಿಂದ ಅಭಿಮಾನಿಗಳು ಒಂದು ವಾದವನ್ನು ಬೆಳೆಸುತ್ತ ಬಂದಿದ್ದಾರೆ. ಮೇರಿ ತೀರಿಕೊಂಡು ಮೂರು ವರ್ಷವಾಯಿತೆಂದು ಜೇಮ್ಸ್ ಹೇಳುತ್ತಾನಾದರೂ ನಿಜವಾಗಿ ಕೆಲವೇ ದಿನಗಳಾಗಿವೆ, ಅವಳ ದೇಹ ಅವನು ಊರ ಹೊರಗೆ ನಿಲ್ಲಿಸಿ ಬಂದ ಕಾರಿನಲ್ಲೇ ಇದೆ ಎಂಬುದು ಆ ವಾದ. ಇದು ಬರಿಯ ಊಹೆಯಲ್ಲ. ಲಾರಾ ಎಂಬ ಪುಟ್ಟ ಹುಡುಗಿಗೆ ಮೇರಿಯ ಪರಿಚಯವಾದದ್ದು ಆಸ್ಪತ್ರೆಯಲ್ಲಿ, ಅದೂ ಹಿಂದಿನ ವರ್ಷ. ಮೇರಿ ಅವಳಿಗೆ ಬರೆದಿಟ್ಟ ಪತ್ರದಲ್ಲಿ ಎಂಟನೆಯ ಹುಟ್ಟುಹಬ್ಬದ ಹಾರೈಕೆಯಿದೆ. ಜೇಮ್ಸ್ ವಯಸ್ಸು ಕೇಳಿದರೆ ಕಳೆದ ವಾರವಷ್ಟೇ ಎಂಟು ತುಂಬಿತೆಂದು ಲಾರಾ ಹೇಳುತ್ತಾಳೆ. ಆ ಕ್ಷಣದಲ್ಲಿ ಮೂರು ವರ್ಷದ ಲೆಕ್ಕ ಕುಸಿಯುತ್ತದೆ. ಆಟದ ಹಲವು ಅಂತ್ಯಗಳಲ್ಲಿ ಒಂದಾದ 'ಇನ್ ವಾಟರ್'ನಲ್ಲಿ ಜೇಮ್ಸ್ ತಾನು ಈ ಊರಿಗೆ ಬಂದ ನಿಜವಾದ ಕಾರಣ ಈಗ ತಿಳಿಯಿತೆಂದು ಹೇಳಿ, ಇನ್ನು ಇಬ್ಬರೂ ಒಟ್ಟಿಗಿರಬಹುದೆಂದು ಮೇರಿಗೆ ಹೇಳುತ್ತ ಕಾರನ್ನು ಸರೋವರಕ್ಕಿಳಿಸುತ್ತಾನೆ. ಕಾರಿನಲ್ಲಿ ಅವಳಿಲ್ಲದಿದ್ದರೆ ಆ ಮಾತಿಗೆ ಅರ್ಥವೇ ಇರುವುದಿಲ್ಲ. ಈ ವಾದವನ್ನು ನಾನು ಪೂರ್ತಿ ನಂಬುತ್ತೇನೆ.

ಹಾಗಾದರೆ ಮೂರು ವರ್ಷ ಎಂಬ ಮಾತು ಬಂದದ್ದೆಲ್ಲಿಂದ? ಆಟದ ಕೊನೆಯ ಭಾಗದಲ್ಲಿ ವೈದ್ಯರೊಬ್ಬರ ದನಿ ಕೇಳಿಸುತ್ತದೆ: ಹೆಚ್ಚೆಂದರೆ ಮೂರು ವರ್ಷ, ಇಲ್ಲವೆ ಆರು ತಿಂಗಳು. ಆ ಮಾತು ಕಿವಿಗೆ ಬಿದ್ದ ದಿನವೇ ಜೇಮ್ಸ್‌ನ ಮನಸ್ಸಿನಲ್ಲಿ ಮೇರಿ ಸತ್ತಳು ಎಂದು ನನಗೆ ಅನ್ನಿಸುತ್ತದೆ. ಅಮ್ಮ ಹಾಸಿಗೆ ಹಿಡಿದಿದ್ದ ಕಾಲದಲ್ಲಿ ನೀನು ನಮ್ಮ ಮನೆಗೆ ಬಂದು ಕೂರುತ್ತಿದ್ದೆ, ನಿನಗೆ ನೆನಪಿರಬೇಕು. ಎದುರಿಗೆ ಉಸಿರಾಡುತ್ತಿರುವವರಿಗಾಗಿ ದುಃಖಿಸತೊಡಗುವುದು ಎಂದರೇನೆಂದು ನಾನು ಆಗ ತಿಳಿದೆ. ಮೂರು ವರ್ಷದ ಹಿಂದೆ ಹೆಂಡತಿ ತೀರಿಕೊಂಡಳು ಎನ್ನುವಾಗ ಜೇಮ್ಸ್ ನಮ್ಮನ್ನು ವಂಚಿಸುತ್ತಿಲ್ಲ, ತನಗೆ ಸಹಿಸಲು ಸಾಧ್ಯವಾದ ಲೆಕ್ಕವನ್ನಷ್ಟೇ ಹೇಳುತ್ತಿದ್ದಾನೆ.

ಅವನು ದಿಂಬಿನಿಂದ ಅವಳ ಉಸಿರು ಕಟ್ಟಿಸಿದ್ದನ್ನು ಲೇಕ್‌ವ್ಯೂ ಹೋಟೆಲಿನ 312ನೆಯ ಕೋಣೆಯ ವಿಡಿಯೋ ಟೇಪು ತೋರಿಸುತ್ತದೆ. ಅಷ್ಟಕ್ಕೇ ನಿಂತಿದ್ದರೆ ಅದು ದಯಾಮರಣವೋ ಕೊಲೆಯೋ ಎಂದು ನಾವು ವಾದಿಸಿ ಸುಮ್ಮನಾಗುತ್ತಿದ್ದೆವು. ನನ್ನ ಎದೆಗೆ ತಟ್ಟುವುದು ಮೇರಿಯೊಂದಿಗಿನ ಕೊನೆಯ ಮಾತುಕತೆ. ನಿನ್ನ ನರಳಾಟ ನೋಡಲಾರದೆ ಹಾಗೆ ಮಾಡಿದೆ ಎಂದು ಶುರು ಮಾಡಿದ ಜೇಮ್ಸ್ ತಾನಾಗಿಯೇ ತಡೆದು, ಅದು ನಿಜವಲ್ಲ, ಸಾಯಲು ಇಷ್ಟವಿಲ್ಲವೆಂದೂ ನೀನು ಹೇಳಿದ್ದೆ, ನಿನ್ನನ್ನು ದ್ವೇಷಿಸಿದೆ, ನನ್ನ ಬದುಕು ನನಗೆ ಮರಳಿ ಬೇಕಾಗಿತ್ತು ಎಂದು ಒಪ್ಪಿಕೊಳ್ಳುತ್ತಾನೆ. ಹಾಗಿದ್ದರೆ ನಿನ್ನ ಮುಖದಲ್ಲಿ ಇಷ್ಟು ದುಃಖವೇಕೆ ಎಂದು ಮೇರಿ ಕೇಳುತ್ತಾಳೆ. ತನ್ನನ್ನು ಬೆನ್ನಟ್ಟುವ ಪಿರಮಿಡ್ ಹೆಡ್‌ನಂಥ ಭೂತವನ್ನು ತನ್ನ ಶಿಕ್ಷೆಗೆಂದು ತಾನೇ ಸೃಷ್ಟಿಸಿಕೊಂಡವನನ್ನು ಸುಳ್ಳುಗಾರ ಎನ್ನಲು ನನ್ನ ನಾಲಿಗೆ ಏಳುವುದಿಲ್ಲ.

2024ರಲ್ಲಿ ಬ್ಲೂಬರ್ ಟೀಮ್ ಎಂಬ ಕಂಪನಿ ಈ ಆಟವನ್ನು ಹೊಸದಾಗಿ ರೂಪಿಸಿದ ಮೇಲೆ ಇನ್ನೊಂದು ವಾದಕ್ಕೆ ಬಲ ಬಂದಿದೆ. ಅಲ್ಲಲ್ಲಿ ಸಿಗುವ 26 ಪೋಲರಾಯ್ಡ್ ಚಿತ್ರಗಳಲ್ಲಿ ಅಡಗಿದ್ದ ಸಂದೇಶವನ್ನು ಅಭಿಮಾನಿಯೊಬ್ಬರು ಬಿಡಿಸಿದರು. ನೀನು ಇಲ್ಲಿ ಎರಡು ದಶಕಗಳಿಂದ ಇದ್ದೀಯ ಎಂಬುದು ಅದರ ಅರ್ಥ. ಟಿವಿಯ ಮುಂದೆ ಕುಳಿತ ಹೆಣ ಜೇಮ್ಸ್‌ನನ್ನೇ ಹೋಲುವುದನ್ನು ಇದಕ್ಕೆ ಸೇರಿಸಿ, ಅವನು ಅದೇ ಊರಿನಲ್ಲಿ ಮತ್ತೆ ಮತ್ತೆ ಸುತ್ತುತ್ತಿದ್ದಾನೆ ಎನ್ನುವವರಿದ್ದಾರೆ. ಸಾಕ್ಷ್ಯ ಸೊಗಸಾಗಿದೆ, ಆದರೂ ನನ್ನ ಮನಸ್ಸು ಒಪ್ಪುವುದಿಲ್ಲ. ಎಲ್ಲ ಅಂತ್ಯಗಳೂ ಒಂದೇ ಚಕ್ರದ ಸುತ್ತುಗಳೆಂದಾದರೆ ಜೇಮ್ಸ್ ಕೊನೆಗೆ ಆಡಿದ ಸತ್ಯಕ್ಕೆ ತೂಕವೇ ಉಳಿಯುವುದಿಲ್ಲ.

ಯಾವ ಅಂತ್ಯ ಬರಬೇಕೆಂದು ಆಟ ನಮ್ಮನ್ನು ಎಲ್ಲೂ ಕೇಳುವುದಿಲ್ಲ, ಗಮನಿಸಿದೆಯಾ? ಊರಿನಲ್ಲಿ ಎದುರಾಗುವ ಏಂಜೆಲಾ ಎಂಬ ಯುವತಿಯಿಂದ ಬಂದ ಚಾಕುವನ್ನು ತೆಗೆದು ನೋಡಿದೆವೋ, ಗಾಯಗಳಿಗೆ ಮದ್ದು ಮಾಡದೆ ಅಲೆದೆವೋ, ಮೇರಿಯ ಫೋಟೊವನ್ನು ನೋಡಿದೆವೋ, ಉದ್ದನೆಯ ಹಜಾರದಲ್ಲಿ ಅವಳ ಮಾತನ್ನು ಕೊನೆಯವರೆಗೂ ನಿಂತು ಕೇಳಿದೆವೋ, ಎಲ್ಲವನ್ನೂ ಅದು ಸದ್ದಿಲ್ಲದೆ ಗುರುತಿಟ್ಟುಕೊಳ್ಳುತ್ತದೆ. ಮೊದಲ ಸಲ ನಾನು ಆ ಚಾಕುವನ್ನು ಹಲವು ಬಾರಿ ತೆಗೆದು ನೋಡಿದ್ದೆ, ಗಾಯಗಳನ್ನು ಹಾಗೇ ಬಿಟ್ಟಿದ್ದೆ. ನನಗೆ ಸಿಕ್ಕಿದ್ದು ಸರೋವರ.

ನಿನಗೆ ಯಾವುದು ಸಿಕ್ಕಿತು ಎಂದು ನೀನು ಬರೆದೇ ಇಲ್ಲ. ಮುಂದಿನ ಪತ್ರದಲ್ಲಿ ತಿಳಿಸು.

ನಿನ್ನ ಗೆಳೆಯ