ನಾನಿಲ್ಲದ ತಿಂಗಳು ನಮ್ಮನೆ ಒಲೆ ಹಚ್ಚಿದವರಿಗೆ

ಕಳೆದ ವಾರ ಬ್ಯಾಂಕಿನವರು ಸಾಲ ಚುಕ್ತಾ ಆದ ಪತ್ರ ಕೊಟ್ಟರು. ಮುದ್ರಾ ಯೋಜನೆಯ ಶಿಶು ಸಾಲ, ಅಂದರೆ 50,000 ರೂಪಾಯಿಯೊಳಗಿನದು. ನಮ್ಮ ಮಲೆನಾಡಿನ ಲೆಕ್ಕದಲ್ಲಿ ದೊಡ್ಡ ಮೊತ್ತವೇನಲ್ಲ. ತೋಟ ಇದ್ದವರು ಒಂದು ಮಳೆಗಾಲಕ್ಕೆ ಅಡಿಕೆಗೆ ಕೊಳೆ ರೋಗದ ಔಷಧಿ ಹೊಡೆಸುವಷ್ಟರಲ್ಲಿ ಇಂಥ ದುಡ್ಡು ಎತ್ತ ಹೋಯಿತೆಂದೇ ಗೊತ್ತಾಗುವುದಿಲ್ಲ. ಆದರೆ ಇದು ನನ್ನ ಹೆಸರಿನಲ್ಲಿ ತೆಗೆದ ಮೊದಲ ಸಾಲ, ಬ್ಲೌಸು ಹೊಲಿದ ದುಡ್ಡಿನಲ್ಲೇ ತೀರಿಸಿದ್ದು. ವಿಷಯ ತಿಳಿದು ಅಂಗಡಿಗೆ ಬಂದವರೆಲ್ಲ "ಭಾರಿ ಸಾಧನೆ ಮಾಡಿದ್ರಿ" ಅನ್ನುತ್ತಿದ್ದಾರೆ. ಕೇಳಲು ಖುಷಿಯೇ. ಆದರೂ ನಾನು ಸುಮ್ಮನೆ ತಲೆಯಾಡಿಸಿಕೊಂಡು ಕೂತರೆ ಕೆಲವರಿಗೆ ಅನ್ಯಾಯವಾಗುತ್ತದೆ. ಅವರಲ್ಲಿ ಹೆಚ್ಚಿನವರು ನಾನು ಒಂದು ತಿಂಗಳು ಮನೆ ಬಿಟ್ಟು ಹೋಗಿ ಕಲಿತ ಹೊಲಿಗೆ ತರಬೇತಿಯ ಯಾವ ಫೋಟೋದಲ್ಲೂ ಇಲ್ಲ.

ಮೊದಲನೆಯವರು ನಮ್ಮ ಪಂಚಾಯಿತಿಯ ಸಂಜೀವಿನಿ ಒಕ್ಕೂಟದ, ಅಂದರೆ ಹೆಂಗಸರ ಸ್ವಸಹಾಯ ಸಂಘಗಳ ಒಕ್ಕೂಟದ, ಲೆಕ್ಕದ ಪುಸ್ತಕ ಬರೆಯುವ ಅಕ್ಕ. ಹೆಸರು ಹಾಕುವುದು ಬೇಡ ಅಂದಿದ್ದಾರೆ. ಸಂಘದ ವಾರದ ಸಭೆಯಲ್ಲಿ ಉಳಿತಾಯದ ದುಡ್ಡು ಎಣಿಸುತ್ತಾ, "ಜಿಲ್ಲೆಯ ಸ್ವಉದ್ಯೋಗ ತರಬೇತಿ ಸಂಸ್ಥೆಯಲ್ಲಿ ಹೊಲಿಗೆ ಬ್ಯಾಚು ಇದೆ, ಒಂದು ತಿಂಗಳು, ಊಟ ವಸತಿ ಎಲ್ಲ ಉಚಿತ, ಯಾರು ಹೋಗ್ತೀರಿ?" ಅಂತ ಕೇಳಿದರು. ಎಲ್ಲರೂ ನೆಲ ನೋಡಿದೆವು. ಸಭೆ ಮುಗಿದ ಮೇಲೆ ಅವರು ನನ್ನನ್ನು ತಡೆದು ನಿಲ್ಲಿಸಿ ಅರ್ಜಿ ಕೈಗಿಟ್ಟರು. ಆಧಾರ್, ರೇಷನ್ ಕಾರ್ಡು, ಪಾಸ್‌ಬುಕ್ಕು ಎಲ್ಲದರ ಜೆರಾಕ್ಸನ್ನೂ ಅವರೇ ಮಾಡಿಸಿದರು. ವಯಸ್ಸಿನ ಮಿತಿಯ ಅಂಚಿನಲ್ಲಿದ್ದೆ. "ಈ ವರ್ಷ ಬಿಟ್ಟರೆ ನಿಮಗೆ ಮತ್ತೆ ಬಾಗಿಲಿಲ್ಲ" ಎಂದು ಅವರು ಹೇಳದಿದ್ದರೆ ಆ ಅರ್ಜಿ ಇನ್ನೂ ದೇವರ ಗೂಡಿನಲ್ಲಿರುತ್ತಿತ್ತು.

ಮದುವೆಯಾಗಿ 22 ವರ್ಷ ನಾನು ಮನೆಯಲ್ಲೇ ಇದ್ದವಳು. ಮನೆಯಲ್ಲೇ ಇದ್ದೆ ಅಂದರೆ ಸುಮ್ಮನಿದ್ದೆ ಅಂತಲ್ಲ. ಎರಡು ದನ, ಹಾಸಿಗೆ ಹಿಡಿದ ಮಾವ, ಶಾಲೆಗೆ ಹೋಗುವ ಮಕ್ಕಳು, ಅಡಿಕೆ ಕೊನೆ ಕೊಯ್ಲಿನಲ್ಲಿ ಆಳುಗಳಿಗೆ ಅಡುಗೆ. ಅದರ ನಡುವೆ ಅಮ್ಮನ ಮನೆಯಿಂದ ಬಂದ ಕಾಲು ತುಳಿಯುವ ಮಷೀನಿನಲ್ಲಿ ಅಕ್ಕಪಕ್ಕದವರ ಬ್ಲೌಸೂ ಹೊಲಿಯುತ್ತಿದ್ದೆ. ಕೊಟ್ಟರೆ ದುಡ್ಡು, ಇಲ್ಲದಿದ್ದರೆ ಒಂದು ಹಲಸಿನಕಾಯಿ.

ಈಗ ತರಬೇತಿ ಸಂಸ್ಥೆಗೆ. ಈ ಬಗೆಯ ಸಂಸ್ಥೆ ಮೊದಲು ಹುಟ್ಟಿದ್ದು ನಮ್ಮ ಪಕ್ಕದ ದಕ್ಷಿಣ ಕನ್ನಡದ ಉಜಿರೆಯಲ್ಲಿ, 1982ರಲ್ಲಿ. ಧರ್ಮಸ್ಥಳದ ವೀರೇಂದ್ರ ಹೆಗ್ಗಡೆಯವರು, ಆಗಿನ ಸಿಂಡಿಕೇಟ್ ಬ್ಯಾಂಕು ಮತ್ತು ಕೆನರಾ ಬ್ಯಾಂಕಿನವರು ಸೇರಿ ಕಟ್ಟಿದ ರುಡ್‌ಸೆಟ್ ಅದು. ಕಡಿಮೆ ದಿನ, ಅಲ್ಲೇ ಉಳಿದು ಕಲಿಯುವುದು, ಪೂರ್ತಿ ಉಚಿತ, ಕಲಿತು ಹೋದ ಮೇಲೂ ಬೆನ್ನು ಬಿಡದೆ ವಿಚಾರಿಸುವುದು, ಇದು ಅವರ ಕ್ರಮ. 2009ರಲ್ಲಿ ಕೇಂದ್ರದ ಗ್ರಾಮೀಣಾಭಿವೃದ್ಧಿ ಸಚಿವಾಲಯ ಇದೇ ಮಾದರಿ ಹಿಡಿದು ಜಿಲ್ಲೆಗೊಂದು ಸಂಸ್ಥೆ ಆಗಬೇಕೆಂದು ಹೊರಟಿತು. ನಡೆಸುವ ಹೊಣೆ ಬ್ಯಾಂಕುಗಳಿಗೆ. ನಾನು ಕಲಿತದ್ದು ಅಂಥ ಒಂದರಲ್ಲಿ. ಇಷ್ಟು ಹೇಳಿದ್ದು ಯಾಕೆಂದರೆ, "ಉಚಿತವಂತೆ, ಏನು ಕಲಿಸ್ತಾರೋ" ಎಂದು ಮೂಗು ಮುರಿಯುವವರು ಈಗಲೂ ಇದ್ದಾರೆ. ಬೆಳಿಗ್ಗೆ ಯೋಗ, ಪ್ರಾರ್ಥನೆ, ಆಮೇಲೆ ಸಂಜೆಯವರೆಗೂ ಮಷೀನು. ನಡುವೆ ಕೆಲವು ಆಟ. ಗೂಟಕ್ಕೆ ರಿಂಗು ಎಸೆಯಬೇಕು, ದೂರ ನಿಂತಷ್ಟೂ ಹೆಚ್ಚು ಅಂಕ. ಎಷ್ಟು ದೂರ ನಿಲ್ಲುತ್ತೀರೋ ನಿಮಗೆ ಬಿಟ್ಟದ್ದು ಅಂದರು. ಗುರಿ ತಪ್ಪುವ ಭಯಕ್ಕೆ ನಮ್ಮಲ್ಲಿ ಬಹುತೇಕರು ಗೂಟದ ಮೂತಿಗೇ ಹೋಗಿ ನಿಂತೆವು.

ಹೊಲಿಗೆ ಮೇಡಂಗೆ ನನ್ನ ದೊಡ್ಡ ನಮಸ್ಕಾರ. ಅಳತೆ ಬ್ಲೌಸು ಇಟ್ಟು ಕತ್ತರಿಸುವುದು ನನಗೆ ಬರುತ್ತಿತ್ತು. ಅವರು ಅಳತೆ ಬ್ಲೌಸನ್ನು ಮುಟ್ಟಲೇ ಬಿಡಲಿಲ್ಲ. ಮೈ ಅಳತೆ ತೆಗೆಯಬೇಕು, ಹಳೇ ಪೇಪರಿನ ಮೇಲೆ ಗೆರೆ ಹಾಕಬೇಕು, ಎದೆ ಸುತ್ತಳತೆಯ ಕಾಲು ಭಾಗಕ್ಕೆ ಎಷ್ಟು ಸೇರಿಸಬೇಕು, ಡಾಟು ಎಲ್ಲಿ ನಿಲ್ಲಬೇಕು, ಕಂಕುಳಲ್ಲಿ ಹಿಡಿಯುವ ಬ್ಲೌಸಿಗೆ ಕಾರಣ ಭುಜದ ಅಳತೆಯೋ ಕಂಕುಳ ಸುತ್ತಿನದೋ, ಇದನ್ನೆಲ್ಲ ಲೆಕ್ಕವಾಗಿ ಕಲಿಸಿದರು. ಪವರ್ ಮಷೀನು ಮೊದಲ ದಿನ ನನ್ನ ಕಾಲಿನಡಿ ಹಾರಿಕೊಂಡು ಹೋಯಿತು. ನೂಲು ಹಾಕದೆ ಬರೀ ಕಾಗದದ ಮೇಲೆ ಗೆರೆ ಹಿಡಿದು ಓಡಿಸಿ ಓಡಿಸಿ ಹದಕ್ಕೆ ತಂದರು.

ಆದರೆ ಅವರು ಕಲಿಸಿದ್ದರಲ್ಲಿ ನನಗೆ ಇವತ್ತಿಗೂ ಅನ್ನ ಕೊಡುತ್ತಿರುವುದು ಹೊಲಿಗೆಗಿಂತ ಹೆಚ್ಚಾಗಿ ಒಂದು ಮಧ್ಯಾಹ್ನದ ಲೆಕ್ಕದ ಪಾಠ. ಒಂದು ಲೈನಿಂಗ್ ಬ್ಲೌಸಿಗೆ ನಿಮಗೆ ಬೀಳುವ ಖರ್ಚು ಬರೆಯಿರಿ ಅಂದರು. ಲೈನಿಂಗ್ ಬಟ್ಟೆ, ನೂಲು, ಹುಕ್ಸು, ಕರೆಂಟು ಅಂತ ಎಲ್ಲರೂ ಬರೆದೆವು. ಒಬ್ಬಳು ಸೂಜಿ ಮುರಿಯುವುದನ್ನೂ ಸೇರಿಸಿದಳು, ಅವಳಿಗೆ ಚಪ್ಪಾಳೆ. ಮೇಡಂ ಒಂದೊಂದೇ ಪುಸ್ತಕ ನೋಡುತ್ತಾ ಬಂದು ಕೊನೆಗೆ, "ನಿಮ್ಮ ಕೂಲಿ ಎಲ್ಲಿ?" ಎಂದು ಕೇಳಿದರು. ಒಂದು ಪುಸ್ತಕದಲ್ಲೂ ಇರಲಿಲ್ಲ. ಅಡಿಕೆ ಸುಲಿಯಲು ಬಂದವರಿಗೆ ಅಳೆದು ಕೂಲಿ ಕೊಡುವ ಮನೆಯ ಹೆಂಗಸರು ನಾವು. ಕೂಲಿ ಎಂದರೆ ಏನೆಂದು ಗೊತ್ತಿಲ್ಲದವರಲ್ಲ. ಆಗ ಅವರು 2019ರ ಸಮಯ ಬಳಕೆ ಸಮೀಕ್ಷೆಯ ವಿಷಯ ಹೇಳಿದರು: ದೇಶದಲ್ಲಿ ಸಂಬಳವಿಲ್ಲದ ಮನೆಗೆಲಸಕ್ಕೆ ಹೆಂಗಸರು ದಿನಕ್ಕೆ 299 ನಿಮಿಷ ಕೊಡುತ್ತಾರೆ, ಆ ಕೆಲಸಕ್ಕೆ ಕೈ ಹಾಕುವ ಗಂಡಸರು 97 ನಿಮಿಷ. "299 ಅಷ್ಟೇನಾ?" ಎಂದು ಹಿಂದಿನ ಬೆಂಚಿನಿಂದ ಯಾರೋ ಅಂದರು. ಮೇಡಂ ಕೂಡ ನಕ್ಕರು.

ಆ ರಾತ್ರಿ ನನಗೆ ಬೇರೊಂದು ಲೆಕ್ಕ ತಲೆ ತಿಂದಿತು. ತರಬೇತಿ ಉಚಿತ, ಸರಿ. ಆದರೆ ನಾನು ಅಲ್ಲಿ ಕೂತ ಒಂದು ತಿಂಗಳು ನಮ್ಮನೆಯಲ್ಲಿ ಆಗಬೇಕಾದ ಕೆಲಸ ಎಲ್ಲಿಗೆ ಹೋಯಿತು? ಎಲ್ಲಿಗೂ ಹೋಗಿರಲಿಲ್ಲ, ನನ್ನ ಓರಗಿತ್ತಿಯ ಕೈಗೆ ಹೋಗಿತ್ತು. ಬ್ಯಾಚು ಬಂದದ್ದು ಕೊನೆ ಕೊಯ್ಲಿನ ಕಾಲಕ್ಕೆ. ಗೊತ್ತಿದ್ದವರಿಗೆ ಗೊತ್ತು, ಆಗ ಮಲೆನಾಡಿನ ಮನೆಯಲ್ಲಿ ಹೆಂಗಸು ನಾಲ್ಕು ದಿನ ತವರಿಗೆ ಹೋಗುವುದೂ ಕಷ್ಟ. ಬೆಳಗಾದರೆ ಕೊನೆಗಾರರಿಗೆ ತಿಂಡಿ, ಹಗಲೆಲ್ಲ ಬೇಯಿಸುವ ಹಂಡೆಗೆ ಉರಿ, ಚಪ್ಪರದ ಮೇಲೆ ಅಡಿಕೆ ಹರಡುವುದು, ಸಂಜೆಯಿಂದ ಮೆಟ್ಟುಗತ್ತಿ ಮುಂದೆ ಸುಲಿಯುವವರಿಗೆ ಚಾ. ನಾವು ಪಾಲಾಗಿ ಎರಡು ಮನೆಯಾಗಿ ಬಹಳ ವರ್ಷವಾಯಿತು. ಮೈದುನನ ಮನೆಯಲ್ಲೂ ಅದೇ ಕೊಯ್ಲು, ಅದೇ ಗಲಾಟೆ, ಜೊತೆಗೆ ಸಣ್ಣ ಮಗಳು. ಅಂಥದ್ದರಲ್ಲಿ ಅವಳು ಬಂದು, "ಎಂತಾಗಲ್ಲ ಅಕ್ಕ, ನೀವು ಹೋಗಿ ಬನ್ನಿ. ಮಾವಂಗೆ ಗಂಜಿ ನಾನು ಕೊಡ್ತೀನಿ" ಅಂದಳು. ಗಂಜಿ ಒಂದೇ ಆಗಿದ್ದರೆ ಈ ಬರಹ ಬೇಕಿರಲಿಲ್ಲ. ಎರಡು ಮನೆಯ ಅಡುಗೆ, ಎರಡು ಕೊಟ್ಟಿಗೆ, ಮಾವನ ಬಟ್ಟೆ ಬದಲಿಸುವುದು, ನನ್ನ ಮಗನ ಟಿಫಿನ್ ಡಬ್ಬಿ. ಫೋನು ಮಾಡಿದರೆ ಮನೆ ಸುದ್ದಿ ಹೇಳುವ ಬದಲು ಇವತ್ತು ಏನು ಹೊಲಿದಿರಿ ಅಂತ ಕೇಳುತ್ತಿದ್ದಳು.

ನಮ್ಮ ಬ್ಯಾಚಿನ ಫೋಟೋ ಅಂಗಡಿಯಲ್ಲಿದೆ. ನೋಡಿದಾಗೆಲ್ಲ ಒಂದು ವಿಷಯ ಕಣ್ಣಿಗೆ ಬೀಳುತ್ತದೆ: ಅದರಲ್ಲಿ ಎಳೆ ಮಗುವಿನ ತಾಯಿ ಒಬ್ಬಳೂ ಇಲ್ಲ. ಮನೆಯಲ್ಲಿ ಹಿಂದೆ ನಿಲ್ಲುವ ಒಬ್ಬ ಹೆಂಗಸು ಇದ್ದವರು ಬಂದಿದ್ದೆವು, ಇಲ್ಲದವರು ಬಂದಿರಲಿಲ್ಲ. ಅತ್ತೆ, ಅಮ್ಮ, ನಾದಿನಿ, ಓರಗಿತ್ತಿ ಹೀಗೆ ಯಾರೋ ಒಬ್ಬರು. ಗೃಹಿಣಿಯರಿಗೆ ಕೌಶಲ ಕೊಡುತ್ತೇವೆ ಎನ್ನುವವರು ಮಷೀನಿನ ಲೆಕ್ಕದ ಜೊತೆ ಮಕ್ಕಳನ್ನು ನೋಡಿಕೊಳ್ಳುವ ಒಂದು ಕೋಣೆಯ ಲೆಕ್ಕವನ್ನೂ ಹಾಕಿದರೆ, ಬೆಳಿಗ್ಗೆ ಹೋಗಿ ಸಂಜೆ ಮನೆಗೆ ಬರುವಂಥ ಬ್ಯಾಚುಗಳನ್ನು ಹೋಬಳಿ ಮಟ್ಟದಲ್ಲಿ ಹೆಚ್ಚು ಮಾಡಿದರೆ, ಇನ್ನೆಷ್ಟೋ ಜನ ಬಂದಾರು. ಆಮೇಲೆ ಈ ತಿಂಗಳುಗಳು ಕೊಯ್ಲಿಗೆ ಬೀಳದ ಹಾಗೆ ನೋಡಿಕೊಂಡರೆ ಇನ್ನೂ ಒಳ್ಳೆಯದು.

ನಮ್ಮನೆಯವರಿಗೂ ಥ್ಯಾಂಕ್ಸ್ ಹೇಳಲೇಬೇಕು. "ಗಂಡ ಕಳಿಸಿಕೊಟ್ಟರಲ್ಲ, ಪುಣ್ಯ ಮಾಡಿದ್ದೀರಿ" ಎಂಬ ಮಾತನ್ನು ತುಂಬಾ ಕೇಳಿದ್ದೇನೆ. ಅದಕ್ಕೆ ನಾನು ಥ್ಯಾಂಕ್ಸ್ ಹೇಳುತ್ತಿಲ್ಲ. ಆ ತಿಂಗಳು ಡೇರಿಗೆ ಹಾಲು ಹಾಕಲು ಶುರು ಮಾಡಿದವರು ನಾನು ವಾಪಸು ಬಂದ ಮೇಲೂ ನಿಲ್ಲಿಸಲಿಲ್ಲ, ಅದಕ್ಕೆ. ಆ ಬೆಳಗಿನ ಹೊತ್ತಿನಲ್ಲೇ ನಾನು ಕಟಿಂಗ್ ಮುಗಿಸುವುದು.

ಬ್ಯಾಂಕಿನ ಕತೆ ಚಿಕ್ಕದು. ಮೊದಲು ಹೋದ ಕಡೆ ಕೌಂಟರಿನಲ್ಲಿ, "ಯಜಮಾನರ ಪಹಣಿ ತನ್ನಿ" ಅಂದರು. ಶಿಶು ಸಾಲಕ್ಕೆ ಆಸ್ತಿ ಅಡಮಾನ ಬೇಕಿಲ್ಲ ಎನ್ನುವುದು ತರಬೇತಿಯಲ್ಲಿ ಹೇಳಿಕೊಟ್ಟ ಪಾಠ. ಹೇಳಿದೆ, ಕೇಳಿಸಿಕೊಳ್ಳಲಿಲ್ಲ. ತರಬೇತಿ ಸಂಸ್ಥೆಯಿಂದ ವಿಚಾರಿಸಲು ಬರುತ್ತಿದ್ದ ಸರ್ ಇನ್ನೊಂದು ಶಾಖೆಗೆ ನನ್ನನ್ನು ಕರೆದುಕೊಂಡು ಹೋದರು. ಅಲ್ಲಿನ ಮ್ಯಾನೇಜರ್ ಸರ್ಟಿಫಿಕೇಟು ನೋಡಿ, ಮಷೀನಿನ ಕೊಟೇಶನ್ ನೋಡಿ, ಒಂದೇ ಪ್ರಶ್ನೆ ಕೇಳಿದರು: "ತಿಂಗಳಿಗೆ ಎಷ್ಟು ಬ್ಲೌಸು ಹೊಲಿದರೆ ಕಂತು ಕಟ್ಟಬಹುದು?" ಕೂಲಿ ಸೇರಿಸಿಯೇ ಲೆಕ್ಕ ಹೇಳಿದೆ. ಪವರ್ ಮಷೀನು, ಓವರ್‌ಲಾಕು ಎರಡೂ ಬಂದವು. ಇಬ್ಬರಿಗೂ ನಮಸ್ಕಾರ.

ಶಕ್ತಿ ಯೋಜನೆಗೂ ಒಂದು ಮಾತು, ಅರ್ಧ ಮಾತು. 2023ರ ಜೂನ್ 11ರಿಂದ ರಾಜ್ಯದೊಳಗೆ ಓಡುವ ಸಾಮಾನ್ಯ ಸರ್ಕಾರಿ ಬಸ್ಸಿನಲ್ಲಿ ಹೆಂಗಸರಿಗೆ ಟಿಕೆಟಿನ ದುಡ್ಡಿಲ್ಲ. ಲೈನಿಂಗ್, ಲೇಸು, ನೂಲು ತರಲು ಶಿವಮೊಗ್ಗಕ್ಕೆ ಹೋಗುವ ನನಗೆ ಅದು ದೊಡ್ಡ ಅನುಕೂಲ. ಅರ್ಧ ಮಾತು ಯಾಕೆಂದರೆ ನಮ್ಮೂರಿನ ದಾರಿಯಲ್ಲಿ ಓಡುವುದು ಖಾಸಗಿ ಬಸ್ಸುಗಳು. ಹೆದ್ದಾರಿಯವರೆಗೆ ದುಡ್ಡು ಕೊಟ್ಟು ಹೋಗಿ, ಅಲ್ಲಿಂದ ಪುಕ್ಕಟೆ.

ಊರಿನ ಗಿರಾಕಿಗಳಿಗೂ ಹೇಳಬೇಕು. ದರದ ಪಟ್ಟಿ ಗೋಡೆಗೆ ಅಂಟಿಸಿದ ದಿನ ಕೆಲವರು ಮುಖ ಸಣ್ಣ ಮಾಡಿದರು. "ನಮ್ಮ ಹತ್ರಾನೂ ಇಷ್ಟಾ ಮಾರಾಯ್ತಿ?" ಅಂದವರೂ ಉಂಟು. ಆದರೂ ಬಂದರು, ನೆಂಟರನ್ನೂ ಕಳಿಸಿದರು. ಹಲಸಿನಕಾಯಿ ಈಗಲೂ ಬರುತ್ತದೆ, ದುಡ್ಡಿನ ಜೊತೆಗೆ. ಈಗ ಅಂಗಡಿಯಲ್ಲಿ ಹೆಮ್ಮಿಂಗ್, ಹುಕ್ಸು ಹಾಕುವ ಕೆಲಸಕ್ಕೆ ಇಬ್ಬರು ಬರುತ್ತಾರೆ. ಇಬ್ಬರೂ ಮದುವೆಯಾದ ಮೇಲೆ ಮನೆಯಲ್ಲೇ ಇದ್ದವರು. ಮಕ್ಕಳು ಶಾಲೆಗೆ ಹೋದ ಮೇಲೆ ಬಂದು, ಶಾಲೆ ಬಿಡುವ ಹೊತ್ತಿಗೆ ಎದ್ದು ಹೋಗುತ್ತಾರೆ. ಅರ್ಧ ಹಾಕಿದ ಹುಕ್ಸು ಹಾಗೇ ಇರುತ್ತದೆ, ಇರಲಿ.

ಓರಗಿತ್ತಿಗೆ ಏನು ಕೊಟ್ಟು ತೀರಿಸುವುದು ಎಂದು ಯೋಚಿಸಿ ಒಂದು ಸೀರೆ ತಂದಿದ್ದೆ. ಉಟ್ಟುಕೊಂಡಳು, ಚಂದ ಕಂಡಳು. ಆದರೆ ಅವಳಿಗೆ ಬೇಕಿದ್ದದ್ದು ಅದಲ್ಲ. ಮೊನ್ನೆ ಹಿತ್ತಿಲಲ್ಲಿ ಕೂತು ಕೇಳಿಯೇಬಿಟ್ಟಳು, "ಅಕ್ಕ, ಅಣಬೆ ಬೇಸಾಯದ ತರಬೇತಿ ಬಂದಿದೆಯಂತೆ. ಹತ್ತು ದಿನ. ಅಣಬೆ ಬೆಳೆಯಲು ಬೇಕಾದ ಹುಲ್ಲಿಗೆ ನಮ್ಮಲ್ಲೇನೂ ಬರ ಇಲ್ಲ. ಹೋಗಬಹುದಾ?" ಅರ್ಜಿ ತುಂಬಿ ಆಗಿದೆ, ಜೆರಾಕ್ಸು ನಾನೇ ಮಾಡಿಸಿದ್ದೇನೆ. ಮಗಳ ಜಡೆ, ಎರಡು ಮನೆಯ ತಿಂಡಿ, ಮಾವನ ಗಂಜಿ ಈ ಸಲ ನನ್ನ ಪಾಲಿಗೆ.

ಹಾಗಾಗಿ ಗಿರಾಕಿಗಳ ಗಮನಕ್ಕೆ: ಮುಂದಿನ ಸೋಮವಾರದಿಂದ ಹತ್ತು ದಿನ ಅಂಗಡಿ ತೆರೆಯುವುದು ಹನ್ನೊಂದು ಗಂಟೆಗೆ. ಗೌರಿ ಹಬ್ಬಕ್ಕೆ ಬ್ಲೌಸು ಬೇಕಾದವರು ಈ ಭಾನುವಾರದೊಳಗೆ ಬಟ್ಟೆ ಕೊಟ್ಟುಬಿಡಿ. ಅಳತೆ ಬ್ಲೌಸು ತರುವುದು ಬೇಡ, ನೀವೇ ಬನ್ನಿ.